ಸೀತಾಳೆಯ ವಂಶಾವಳಿ: ಉಷ್ಣವಲಯದ ಆರ್ಕಿಡ್‌ಗಳ ವರ್ಗೀಕರಣದ ಇತಿಹಾಸ

ಮಲೆನಾಡಿನಲ್ಲಿ ಮುಂಗಾರು ಕಾಲಿಡುವ ಹೊತ್ತಿಗೆ ಮರದ ಕೊಂಬೆಗಳಿಂದ ನರಿಯ ಬಾಲದಂತೆ ಇಳಿಬೀಳುವ ಹೂಗೊಂಚಲೊಂದು ಕಾಣಿಸಿಕೊಳ್ಳುವುದು. ಬಿಳಿಯ ಎಸಳಿನ ಮೇಲೆ ನೇರಳೆಯ ಚುಕ್ಕೆಗಳಿರುವ ಈ ಹೂವನ್ನು ಅಲ್ಲಿಯ ಜನರು ಸೀತಾಳೆ ದಂಡೆ ಎನ್ನುವರು. ಅಸ್ಸಾಮಿನ ಹೆಂಗಳೆಯರು ಬಿಹು ಹಬ್ಬದಲ್ಲಿ ಮುಡಿಯುವ ಕಪೌ ಹೂವೂ ಇದೇ. ಸಸ್ಯಶಾಸ್ತ್ರದಲ್ಲಿ ಇದರ ಇಂದಿನ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ಆದರೆ ೧೭೫೩ರಿಂದ ಈಚೆಗೆ ಇದೇ ಗಿಡವು ಎಪಿಡೆಂಡ್ರಂ, ಏರೈಡೀಸ್, ಸ್ಯಾಕೊಲೇಬಿಯಂ ಎಂಬ ಬೇರೆ ಬೇರೆ ಜಾತಿಗಳ ಲೆಕ್ಕದಲ್ಲಿ ಬರೆಯಲ್ಪಟ್ಟಿತ್ತು. ಗಿಡವು ಬದಲಾಗಲಿಲ್ಲ, ಹೆಸರು ಮಾತ್ರ ಬದಲಾಯಿತು. ಇದು ವಿದ್ವಾಂಸರ ಚಪಲವೆಂದು ತಳ್ಳಿಹಾಕುವಂತಿಲ್ಲ. ಒಂದು ಸಸ್ಯಕುಟುಂಬದ ಬಾಂಧವ್ಯವನ್ನು ಯಾವುದರಿಂದ ಅರಿಯಬೇಕು ಎಂಬ ಪ್ರಶ್ನೆಗೆ ಮನುಷ್ಯನು ಕೊಟ್ಟ ಉತ್ತರಗಳು ಈ ಹೆಸರುಗಳಲ್ಲಿ ಅಡಗಿವೆ.

ಆರ್ಕಿಡ್ ಕುಟುಂಬವು ಹೂಬಿಡುವ ಸಸ್ಯಗಳಲ್ಲಿ ಅತ್ಯಂತ ವಿಶಾಲವಾದವುಗಳಲ್ಲೊಂದು. ಸುಮಾರು ೨೮,೦೦೦ ಪ್ರಭೇದಗಳನ್ನು ಇದರಲ್ಲಿ ಗುರುತಿಸಲಾಗಿದೆ. ಅವುಗಳಲ್ಲಿ ಬಹುಪಾಲು ಉಷ್ಣವಲಯದವು. ಮೂರು ಪುಷ್ಪಪತ್ರ, ಮೂರು ದಳ. ದಳಗಳಲ್ಲೊಂದು ತುಟಿಯಂತೆ ವಿಶೇಷ ರೂಪವನ್ನು ತಾಳಿರುವುದು. ಕೇಸರವೂ ಶಲಾಕೆಯೂ ಕೂಡಿ ಒಂದೇ ಸ್ತಂಭವಾಗಿರುವುದು ಇವುಗಳ ಮುಖ್ಯ ಲಕ್ಷಣ. ಹೆಚ್ಚಿನವುಗಳಲ್ಲಿ ಪರಾಗವು ಹುಡಿಯಾಗಿರದೆ ಪಿಂಡವಾಗಿರುವುದು. ಬೀಜಗಳು ಧೂಳಿನಷ್ಟು ಸೂಕ್ಷ್ಮ; ಮೊಳೆಯುವಾಗ ಶಿಲೀಂಧ್ರದ ನೆರವು ಬೇಕು. ಇಷ್ಟು ಸಮಾನತೆಯ ನಡುವೆ ಇಷ್ಟು ವೈವಿಧ್ಯವಿರುವುದರಿಂದಲೇ ವರ್ಗೀಕರಣವು ಕಷ್ಟಸಾಧ್ಯವಾಯಿತು.

ನಮ್ಮ ಪ್ರಾಚೀನರು ಈ ಗಿಡಗಳನ್ನು ಅವುಗಳ ವಾಸಸ್ಥಾನದಿಂದ ಗುರುತಿಸಿದರು. ಅಮರಕೋಶದಲ್ಲಿ ವಂದಾ ಎಂಬ ಪದಕ್ಕೆ ವೃಕ್ಷಾದನೀ, ವೃಕ್ಷರುಹಾ ಎಂಬವು ಪರ್ಯಾಯಗಳು. ಮರವನ್ನು ತಿನ್ನುವುದು, ಮರದ ಮೇಲೆ ಬೆಳೆಯುವುದು ಎಂಬ ಎರಡು ಭಾವಗಳೂ ಅಲ್ಲಿ ಒಟ್ಟಿಗಿವೆ. ಕನ್ನಡದ ಬದನಿಕೆಯು ಮರದ ರಸವನ್ನು ಹೀರುವ ಗಿಡ. ಸೀತಾಳೆಯಾದರೋ ಮರದ ಆಶ್ರಯವನ್ನು ಮಾತ್ರ ಬಯಸುವುದು, ಅದರ ಆಹಾರವನ್ನು ಕದಿಯದು. ಸಂಸ್ಕೃತದ ಈ ವಂದಾ ಪದವನ್ನೇ ಸರ್ ವಿಲಿಯಂ ಜೋನ್ಸನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಒಂದು ಆರ್ಕಿಡ್ ಜಾತಿಗೆ ಇಟ್ಟನು. ಅದು ಇಂದಿಗೂ ಜಗತ್ತಿನ ಸಸ್ಯೋದ್ಯಾನಗಳಲ್ಲಿ ಬಳಕೆಯಲ್ಲಿದೆ.

ಸೀತಾಳೆಯು ಐರೋಪ್ಯ ಗ್ರಂಥವನ್ನು ಪ್ರವೇಶಿಸಿದ್ದು ಕೊಚ್ಚಿಯ ಮೂಲಕ. ಅಲ್ಲಿ ಡಚ್ಚರ ಅಧಿಪತಿಯಾಗಿದ್ದ ಹೆಂಡ್ರಿಕ್ ವಾನ್ ರೀಡನು ೧೬೭೦ರ ದಶಕದಲ್ಲಿ ಮಲಬಾರಿನ ಸಸ್ಯಗಳ ಚಿತ್ರಗಳನ್ನೂ ವಿವರಣೆಗಳನ್ನೂ ಸಂಗ್ರಹಿಸತೊಡಗಿದನು. ಇಟ್ಟಿ ಅಚ್ಯುತನೆಂಬ ಮಲೆಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಗಿಡಗಳ ಹೆಸರು ಗುಣಗಳನ್ನು ತಿಳಿಸಿಕೊಟ್ಟರು. ಈ ಶ್ರಮದ ಫಲವಾದ ಹಾರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಗ್ರಂಥವು ೧೬೭೮ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಹನ್ನೆರಡನೆಯ ಸಂಪುಟದಲ್ಲಿ ಸೀತಾಳೆಯ ಚಿತ್ರವಿದೆ. ಅಲ್ಲಿ ಅದರ ಹೆಸರು ಆಂಜಿಲಿ ಮರವಾಳ. ಎಂದರೆ ಹೆಬ್ಬಲಸಿನ ಮರದ ಮೇಲಣ ಗಿಡ. ಆ ಸಂಪುಟವು ೧೬೯೩ರಲ್ಲಿ ಹೊರಬಂದಾಗ ರೀಡನು ಬದುಕಿರಲಿಲ್ಲ. ೧೬೯೧ರಲ್ಲಿ ಸೂರತ್ತಿಗೆ ಹೋಗುವಾಗ ಮುಂಬಯಿಯ ಸಮೀಪ ಹಡಗಿನಲ್ಲಿಯೇ ಅವನು ತೀರಿಕೊಂಡಿದ್ದನು.

ಸ್ವೀಡನ್ನಿನ ಲಿನೀಯಸನು ೧೭೫೩ರಲ್ಲಿ ಆಗ ತಿಳಿದಿದ್ದ ಆರ್ಕಿಡ್‌ಗಳನ್ನೆಲ್ಲ ಕೇವಲ ಎಂಟು ಜಾತಿಗಳಲ್ಲಿ ಅಡಕಗೊಳಿಸಿದನು. ಮಲಬಾರಿನ ಗಿಡವನ್ನು ಅವನು ಜೀವಂತವಾಗಿ ಕಾಣಲಿಲ್ಲ; ರೀಡನ ಗ್ರಂಥದ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಎಪಿಡೆಂಡ್ರಂ ರೆಟ್ಯೂಸಂ ಎಂದು ಹೆಸರಿಟ್ಟನು. ಎಪಿಡೆಂಡ್ರಂ ಎಂದರೆ ಮರದ ಮೇಲಿರುವುದು. ಅಮರಕೋಶದ ವೃಕ್ಷರುಹಾ, ಮಲೆಯಾಳದ ಮರವಾಳ, ಲಿನೀಯಸನ ಎಪಿಡೆಂಡ್ರಂ ಈ ಮೂರರ ದೃಷ್ಟಿಯೂ ಒಂದೇ. ಅಮೆರಿಕದ ಮರಗಳ ಮೇಲಿನ ಆರ್ಕಿಡ್‌ಗಳೂ ಭಾರತದ ಮರಗಳ ಮೇಲಿನವೂ ಒಂದೇ ಜಾತಿಯಲ್ಲಿ ಸೇರಿಹೋದುವು. ಒಂದು ಊರಿನಲ್ಲಿ ಬಾಡಿಗೆಮನೆಗಳಲ್ಲಿ ಇರುವವರೆಲ್ಲರೂ ಒಂದೇ ವಂಶದವರೆಂದು ಎಣಿಸಿದಂತಾಯಿತು ಇದು. ಇಂದಿನ ವರ್ಗೀಕರಣದಲ್ಲಿ ಎಪಿಡೆಂಡ್ರಂ ಎಂಬುದು ಅಮೆರಿಕ ಖಂಡದ ಗಿಡಗಳಿಗೆ ಮಾತ್ರ ಸಲ್ಲುವ ಹೆಸರು.

ವಾಸಸ್ಥಾನವನ್ನು ಬಿಟ್ಟು ಹೂವಿನ ಒಳರಚನೆಯನ್ನು ನೋಡುವ ಕ್ರಮವು ಓಲಾಫ್ ಸ್ವಾರ್ಟ್ಸನಿಂದ ಬಲಗೊಂಡಿತು. ಜಮೈಕದ ಅರಣ್ಯಗಳಲ್ಲಿ ಓಡಾಡಿ ಬಂದ ಈ ವಿದ್ವಾಂಸನು ೧೮೦೦ರ ಸುಮಾರಿಗೆ ಪರಾಗಕೋಶ ಒಂದೋ ಎರಡೋ ಎಂಬುದನ್ನು ಆಧರಿಸಿ ಆರ್ಕಿಡ್‌ಗಳನ್ನು ವಿಂಗಡಿಸಿದನು. ನಮ್ಮ ಸೀತಾಳೆಯನ್ನು ಅವನು ಏರೈಡೀಸ್ ಜಾತಿಗೆ ಸೇರಿಸಿದನು. ೧೮೨೫ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನದ ನಿರ್ದೇಶಕನಾಗಿದ್ದ ಕಾರ್ಲ್ ಬ್ಲೂಮನು, ಸ್ತಂಭವು ಕೊಕ್ಕಿನಂತಿರುವುದನ್ನು ಗಮನಿಸಿ, ರಿಂಕೋಸ್ಟೈಲಿಸ್ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದನು. ಉಷ್ಣವಲಯದ ಗಿಡವನ್ನು ಉಷ್ಣವಲಯದಲ್ಲಿಯೇ ನಿಂತು ನೋಡಿ ಇಟ್ಟ ಹೆಸರೇ ಕೊನೆಗೆ ಉಳಿಯಿತೆಂಬುದು ಗಮನಾರ್ಹ. ಆದರೆ ಅದು ಒಡನೆಯೇ ಮಾನ್ಯವಾಗಲಿಲ್ಲ. ಇಂಗ್ಲೆಂಡಿನ ಜಾನ್ ಲಿಂಡ್ಲಿಯು ೧೮೩೦ರಿಂದ ೧೮೪೦ರವರೆಗೆ ಪ್ರಕಟಿಸಿದ ಮಹಾಗ್ರಂಥವು ಆರ್ಕಿಡ್ ಶಾಸ್ತ್ರಕ್ಕೆ ತಳಹದಿಯಾಯಿತು. ಅವನ ಬಳಕೆಯನ್ನು ಅನುಸರಿಸಿ ಗಾಜಿನಮನೆಗಳ ತೋಟಗಾರರು ಸೀತಾಳೆಯನ್ನು ಬಹುಕಾಲ ಸ್ಯಾಕೊಲೇಬಿಯಂ ಎಂದೇ ಕರೆಯುತ್ತಿದ್ದರು.

ಇದೇ ಕಾಲದಲ್ಲಿ ದಕ್ಷಿಣ ಭಾರತದಲ್ಲಿ ರಾಬರ್ಟ್ ವೈಟನು ಸಸ್ಯಗಳ ಚಿತ್ರಸಂಪುಟಗಳನ್ನು ಹೊರತರುತ್ತಿದ್ದನು. ಅವನಿಗಾಗಿ ಚಿತ್ರಗಳನ್ನು ಬರೆದವರು ರಂಗಯ್ಯ, ಗೋವಿಂದು ಎಂಬ ಕಲಾವಿದರು. ಗೋವಿಂದುವಿನ ಕೈಚಳಕಕ್ಕೆ ಮನ್ನಣೆಯಾಗಿ ವೈಟನು ಒಂದು ಆರ್ಕಿಡ್ ಜಾತಿಗೆ ಗೋವಿಂದೂಯ ಎಂದು ಹೆಸರಿಟ್ಟನು. ಭಾರತೀಯ ಚಿತ್ರಕಾರನೊಬ್ಬನಿಗೆ ಇಂತಹ ಗೌರವವು ಅಪರೂಪ. ಆದರೆ ಲಿಂಡ್ಲಿಯು ಮೊದಲೇ ಸ್ಥಾಪಿಸಿದ್ದ ಟ್ರೊಪಿಡಿಯ ಜಾತಿಗೆ ಆ ಗಿಡವು ಸೇರಿದುದೆಂದು ಮುಂದೆ ತೀರ್ಮಾನವಾಯಿತು. ಮೊದಲು ಇಟ್ಟ ಹೆಸರಿಗೇ ಪ್ರಾಶಸ್ತ್ಯವೆಂಬ ನಿಯಮದಂತೆ ಗೋವಿಂದೂಯವು ಪರ್ಯಾಯನಾಮಗಳ ಪಟ್ಟಿಗೆ ಇಳಿಯಿತು. ಹೆಸರು ಹೋಯಿತು, ಚಿತ್ರವು ಉಳಿಯಿತು.

ಒಣಗಿದ ಹೂವಿನ ರೂಪವನ್ನೇ ನಂಬಿದ ವರ್ಗೀಕರಣವು ಎಷ್ಟರಮಟ್ಟಿಗೆ ದಾರಿ ತಪ್ಪಬಹುದೆಂಬುದು ದಕ್ಷಿಣ ಅಮೆರಿಕದ ಗಯಾನದ ಗಿಡವೊಂದರಿಂದ ಬಯಲಾಯಿತು. ಕೆಟಾಸೀಟಂ, ಮೊನಕ್ಯಾಂತಸ್, ಮಯಾಂತಸ್ ಎಂಬ ಮೂರು ಜಾತಿಗಳನ್ನು ಲಿಂಡ್ಲಿ ಮೊದಲಾದವರು ಬೇರೆ ಬೇರೆಯೆಂದು ಎಣಿಸಿದ್ದರು. ೧೮೩೦ರ ದಶಕದಲ್ಲಿ ರಾಬರ್ಟ್ ಶೋಂಬರ್ಕನು ಈ ಮೂರು ಬಗೆಯ ಹೂಗಳೂ ಒಂದೇ ಗಿಡದಲ್ಲಿ ಬಿಟ್ಟುದನ್ನು ವರದಿಮಾಡಿದನು. ಲಿಂಡ್ಲಿಯು ಬೆರಗಾದನು. ಜಾತಿ ಎಂಬ ಕಲ್ಪನೆಯ ಬುಡವೇ ಅಲುಗಿದಂತಾಯಿತು. ೧೮೬೨ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಹೂಗಳನ್ನು ಸೀಳಿ ನೋಡಿ, ಇವು ಮೂರು ಜಾತಿಗಳಲ್ಲ, ಒಂದೇ ಪ್ರಭೇದದ ಲಿಂಗಭೇದಗಳು ಎಂದು ವಿವರಿಸಿದನು. ಕೆಟಾಸೀಟಂ ಗಂಡು, ಮೊನಕ್ಯಾಂತಸ್ ಹೆಣ್ಣು, ಮಯಾಂತಸ್ ಉಭಯಲಿಂಗಿ. ಮಯಾಂತಸ್ಸೂ ಬೇರೊಂದು ಪ್ರಭೇದದ ಗಂಡುಹೂವೇ ಎಂದು ಮುಂದೆ ಕ್ಯೂ ಉದ್ಯಾನದ ರಾಲ್ಫನು ತಿದ್ದಿದನು. ತಿದ್ದಿದವನನ್ನೂ ತಿದ್ದುವ ಈ ಪರಂಪರೆಯಲ್ಲಿಯೇ ಶಾಸ್ತ್ರದ ಜೀವಾಳವಿದೆ.

ಅದೇ ೧೮೬೨ರಲ್ಲಿ ಡಾರ್ವಿನ್ನನು ಆರ್ಕಿಡ್‌ಗಳ ಪರಾಗಸ್ಪರ್ಶದ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಮಡಗಾಸ್ಕರಿನ ಆಂಗ್ರೀಕಂ ಹೂವಿನಲ್ಲಿ ಮಕರಂದದ ನಾಳವು ಸುಮಾರು ಒಂದು ಅಡಿ ಉದ್ದವಿದ್ದುದನ್ನು ಕಂಡು, ಅಷ್ಟೇ ಉದ್ದದ ಸೊಂಡಿಲುಳ್ಳ ಪತಂಗವು ಆ ದ್ವೀಪದಲ್ಲಿ ಇರಲೇಬೇಕೆಂದು ಅವನು ಬರೆದನು. ಅಂತಹ ಪತಂಗವನ್ನು ೧೯೦೩ರಲ್ಲಿ ರಾತ್‌ಶೀಲ್ಡ್ ಮತ್ತು ಜೋರ್ಡನ್ ಎಂಬವರು ವರ್ಣಿಸಿದಾಗ ಡಾರ್ವಿನ್ ಗತಿಸಿ ಇಪ್ಪತ್ತೊಂದು ವರ್ಷಗಳಾಗಿದ್ದುವು. ಹೂವಿನ ರೂಪವು ವಿನೋದಕ್ಕಾಗಿ ಹುಟ್ಟಿದುದಲ್ಲ, ಕೀಟದೊಡನೆ ಯುಗಯುಗಗಳ ವ್ಯವಹಾರದಿಂದ ರೂಪುಗೊಂಡುದು ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ವರ್ಗೀಕರಣಕಾರನಿಗೆ ಇದೊಂದು ಎಚ್ಚರಿಕೆಯೂ ಆಯಿತು. ಒಂದೇ ಬಗೆಯ ಕೀಟವನ್ನು ಆಶ್ರಯಿಸಿದ ದೂರದ ಸಸ್ಯಗಳು ಒಂದೇ ಬಗೆಯ ಹೂವನ್ನು ತಳೆಯಬಹುದು. ಬೇರೆ ಕೀಟಗಳನ್ನು ಒಲಿಸಿಕೊಂಡ ಸೋದರ ಸಸ್ಯಗಳು ಅಪರಿಚಿತರಂತೆ ಕಾಣಬಹುದು.

ಇಲ್ಲಿಯವರೆಗಿನ ತಪ್ಪುಗಳು ತಿದ್ದುವಂಥವು. ಏಕೆಂದರೆ ಸಾಕ್ಷಿಗಳು ಉಳಿದಿದ್ದುವು. ಸಾಕ್ಷಿಗಳಿಗೇ ಧಕ್ಕೆಯೊದಗಿದ ಎರಡು ಪ್ರಸಂಗಗಳೂ ನಡೆದುವು. ಲಿಂಡ್ಲಿಯ ತರುವಾಯ ಆರ್ಕಿಡ್ ಶಾಸ್ತ್ರದ ಅಧಿಕಾರಿಯೆನಿಸಿದ ಹ್ಯಾಂಬರ್ಗಿನ ರೈಶೆನ್‌ಬಾಕನು ೧೮೮೯ರಲ್ಲಿ ತೀರಿಕೊಂಡನು. ಜಗತ್ತಿನ ನಾನಾ ಕಡೆಗಳಿಂದ ತನಗೆ ಬಂದಿದ್ದ ಒಣಸಸ್ಯಗಳ ಭಂಡಾರವನ್ನು ಅವನು ವಿಯೆನ್ನಾದ ವಸ್ತುಸಂಗ್ರಹಾಲಯಕ್ಕೆ ಬರೆದಿಟ್ಟು, ಇಪ್ಪತ್ತೈದು ವರ್ಷ ಅದನ್ನು ತೆರೆಯಕೂಡದೆಂದು ಮರಣಶಾಸನದಲ್ಲಿ ವಿಧಿಸಿದ್ದನು. ಅವನು ಹೆಸರಿಟ್ಟ ಗಿಡಗಳ ಮೂಲಮಾದರಿಗಳನ್ನು ನೋಡಲಾರದೆ ಇತರರು ಅವೇ ಗಿಡಗಳಿಗೆ ಮತ್ತೆ ಹೆಸರಿಡುವ ಪ್ರಸಂಗ ಬಂದಿತು. ಆ ಬೀಗವು ೧೯೧೪ರಲ್ಲಿ ತೆರೆಯಿತು. ಕಾಲವು ನಷ್ಟವಾದರೂ ಆಸ್ತಿಯು ಉಳಿದಿತ್ತು. ಎರಡನೆಯದು ಇನ್ನೂ ದಾರುಣ. ನ್ಯೂಗಿನಿ ಮೊದಲಾದ ಪ್ರದೇಶಗಳ ಆರ್ಕಿಡ್‌ಗಳನ್ನು ವರ್ಣಿಸಿ ೧೯೨೫ರಲ್ಲಿ ಗತಿಸಿದ ರುಡಾಲ್ಫ್ ಶ್ಲೆಕ್ಟರನ ಸಂಗ್ರಹವು ಬರ್ಲಿನ್ನಿನಲ್ಲಿತ್ತು. ೧೯೪೩ರ ಮಾರ್ಚಿಯಲ್ಲಿ ಯುದ್ಧದ ಬಾಂಬುದಾಳಿಗೆ ಅಲ್ಲಿಯ ಸಸ್ಯಭಂಡಾರವು ಸಿಕ್ಕಿ ಆ ಸಂಗ್ರಹವು ಸುಟ್ಟುಹೋಯಿತು. ಬೇರೆ ಊರುಗಳಿಗೆ ಮೊದಲೇ ಕಳುಹಿಸಿದ್ದ ಜೋಡಿಪ್ರತಿಗಳೂ ಬರೆದಿಟ್ಟ ಚಿತ್ರಗಳೂ ಮಾತ್ರ ಮುಂದಿನವರಿಗೆ ಆಧಾರವಾದುವು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಾಂಧವ್ಯವನ್ನು ಅರಿಯಲು ಹೊಸ ಸಾಧನವೊಂದು ದೊರೆಯಿತು. ಜೀವಕೋಶದ ಡಿ.ಎನ್.ಎ. ಅಕ್ಷರಗಳನ್ನು ಹೋಲಿಸಿ ಸಸ್ಯಗಳ ವಂಶವೃಕ್ಷವನ್ನು ರಚಿಸುವ ಈ ಕ್ರಮದಿಂದ ಆರ್ಕಿಡ್‌ಗಳು ಐದು ಉಪಕುಟುಂಬಗಳಾಗಿ ವಿಭಜನೆಗೊಂಡಿವೆ. ಲಿಂಡ್ಲಿಯು ಪ್ರತ್ಯೇಕ ಕುಟುಂಬವೆಂದು ಹೊರಗಿಟ್ಟಿದ್ದ ಅಪೊಸ್ಟೇಶಿಯ ಗುಂಪು ಉಳಿದೆಲ್ಲ ಆರ್ಕಿಡ್‌ಗಳಿಂದ ಮೊಟ್ಟಮೊದಲು ಕವಲೊಡೆದ ಶಾಖೆಯೆಂದು ಸಿದ್ಧವಾಯಿತು. ಅವನ ಕಣ್ಣು ಸುಳ್ಳು ಹೇಳಿರಲಿಲ್ಲ. ಒಂದೇ ಪರಾಗಕೋಶವುಳ್ಳ ವೆನಿಲ್ಲಾ ಗುಂಪಾದರೋ ಒಂದೇ ಪರಾಗಕೋಶದ ಇತರ ಆರ್ಕಿಡ್‌ಗಳಿಂದ ಬಹುದೂರ ಸರಿದು ತನ್ನದೇ ಉಪಕುಟುಂಬವಾಯಿತು. ಒಂದೇ ಲಕ್ಷಣವು ಬೇರೆ ಬೇರೆ ಶಾಖೆಗಳಲ್ಲಿ ಸ್ವತಂತ್ರವಾಗಿ ಮೂಡಬಹುದೆಂದು ಇದರಿಂದ ತಿಳಿದಂತಾಯಿತು. ಮರವನ್ನು ಏರುವ ಅಭ್ಯಾಸವೂ ಹಾಗೆಯೇ. ಅದು ಒಂದೇ ಸಲ ಹುಟ್ಟಿದ ಕುಲಧರ್ಮವಲ್ಲ. ೨೦೧೫ರ ವರ್ಗೀಕರಣವು ೭೩೬ ಜಾತಿಗಳನ್ನು ಒಪ್ಪಿಕೊಂಡಿದೆ. ಅದರಲ್ಲಿ ರಿಂಕೋಸ್ಟೈಲಿಸ್ ಎಂಬುದು ಏರೈಡೀಸ್, ವಂದಾ ಮುಂತಾದವುಗಳ ನಿಕಟಬಂಧುವಾಗಿ ಸ್ಥಾನವನ್ನು ಪಡೆದಿದೆ.

ಆರ್ಕಿಡ್‌ಗಳ ಪಳೆಯುಳಿಕೆಗಳು ವಿರಳವಾದುದರಿಂದ ಅವುಗಳ ಪ್ರಾಯವನ್ನು ನಿರ್ಣಯಿಸುವುದು ದುಸ್ಸಾಧ್ಯವಾಗಿತ್ತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ದೇಶದಲ್ಲಿ ದೊರೆತ ಒಂದು ಅಂಬರಿನ ತುಂಡಿನೊಳಗೆ, ಬೆನ್ನಿನ ಮೇಲೆ ಆರ್ಕಿಡ್ಡಿನ ಪರಾಗಪಿಂಡವನ್ನು ಹೊತ್ತ ಜೇನ್ನೊಣವು ಸಿಕ್ಕಿತು. ಅದು ಒಂದೂವರೆ ಕೋಟಿಯಿಂದ ಎರಡು ಕೋಟಿ ವರ್ಷಗಳಷ್ಟು ಹಳೆಯದು. ಅದನ್ನು ಆಧರಿಸಿ ೨೦೦೭ರಲ್ಲಿ ಪ್ರಕಟವಾದ ಅಧ್ಯಯನವು, ಇಂದಿನ ಆರ್ಕಿಡ್‌ಗಳೆಲ್ಲದರ ಸಮಾನ ಪೂರ್ವಜವು ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳ ಕಾಲದಲ್ಲಿ, ಬದುಕಿದ್ದಿರಬೇಕೆಂದು ಲೆಕ್ಕಹಾಕಿತು. ಇನ್ನೂ ಹಿಂದಕ್ಕೆ ಒಯ್ಯುವ ಗಣನೆಗಳೂ ಉಂಟು. ೨೦೧೫ರ ಮತ್ತೊಂದು ಅಧ್ಯಯನವು ಪರಾಗಪಿಂಡ, ವೃಕ್ಷವಾಸ, ರಾತ್ರಿಯಲ್ಲಿ ಇಂಗಾಲಾಮ್ಲವನ್ನು ಹೀರಿ ನೀರನ್ನು ಉಳಿಸುವ ಉಪಾಯ, ಉಷ್ಣವಲಯದ ಪರ್ವತಪಂಕ್ತಿಗಳ ವಾಸ ಇವುಗಳೊಡನೆ ಪ್ರಭೇದಗಳ ಶೀಘ್ರ ವೃದ್ಧಿಯು ಹೊಂದಿಕೊಂಡಿರುವುದನ್ನು ತೋರಿಸಿತು. ಲಿನೀಯಸನು ಜಾತಿಲಕ್ಷಣವೆಂದು ಬಗೆದ ವೃಕ್ಷವಾಸವು ಬಾಂಧವ್ಯದ ಗುರುತಲ್ಲವಾದರೂ ವಂಶವೃದ್ಧಿಯ ಕಾರಣಗಳಲ್ಲೊಂದಾಯಿತು. ಹಳೆಯ ಹೆಸರು ಸುಳ್ಳಾಯಿತು. ಅದು ಕಂಡ ಸಂಗತಿಯು ಬೇರೊಂದು ಅರ್ಥದಲ್ಲಿ ಸತ್ಯವಾಯಿತು.

ಈ ಮೂರೂವರೆ ಶತಮಾನಗಳ ಇತಿಹಾಸದಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ವರ್ಗೀಕರಣದ ಯಾವ ತಪ್ಪೂ ಶಾಶ್ವತವಲ್ಲ. ಮೂಲವಸ್ತುವು ಉಳಿದಿರುವವರೆಗೆ ಅದನ್ನು ತಿದ್ದಬಹುದು. ಮೂಲವೇ ಅಳಿದರೆ ತಪ್ಪನ್ನು ತಪ್ಪೆಂದು ತಿಳಿಯುವ ಮಾರ್ಗವೂ ಅಳಿಯುವುದು. ಬರ್ಲಿನ್ನಿನಲ್ಲಿ ಒಂದು ರಾತ್ರಿ ಆದದ್ದು ಅರಣ್ಯದಲ್ಲಿ ಸದ್ದಿಲ್ಲದೆ ನಡೆಯಬಹುದು. ದಕ್ಷಿಣ ಭಾರತದ ಅಗಸ್ತ್ಯಮಲೆಯಲ್ಲಿ ಮಾತ್ರ ಬೆಳೆಯುವ ಪ್ಯಾಫಿಯೊಪೆಡಿಲಂ ಡ್ರೂರಿಯೈ ಎಂಬ ಆರ್ಕಿಡ್ಡನ್ನು ೧೮೬೫ರಲ್ಲಿ ಡ್ರೂರಿ ಎಂಬ ಸೇನಾಧಿಕಾರಿಯು ಕಂಡನು. ಮುಂದೆ ಬಹುಕಾಲ ಅದು ಯಾರ ಕಣ್ಣಿಗೂ ಬೀಳದೆ ಅಳಿದುಹೋಯಿತೆಂದೇ ಭಾವಿಸಲಾಗಿತ್ತು. ೧೯೭೨ರಲ್ಲಿ ಮತ್ತೆ ಸಿಕ್ಕಿತು. ಸಿಕ್ಕ ಸುದ್ದಿ ಹರಡಿದೊಡನೆ ಸಂಗ್ರಾಹಕರು ಬುಡಸಹಿತ ಕಿತ್ತು ಒಯ್ಯತೊಡಗಿದರು. ೧೯೭೫ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವು ಆರ್ಕಿಡ್ ಕುಟುಂಬದ ವ್ಯಾಪಾರಕ್ಕೆ ಕಟ್ಟುಪಾಡು ವಿಧಿಸಿದೆ. ಈ ಗಿಡದ ಜಾತಿಯು ಅದರಲ್ಲಿ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಯಲ್ಲಿದೆ.

ಕೊಚ್ಚಿಯ ವೈದ್ಯರು ಹೇಳಿದ ಹೆಸರು, ಹೆಸರರಿಯದ ಚಿತ್ರಕಾರನು ಬರೆದ ಒಂದು ಚಿತ್ರ, ಹೆಬ್ಬಲಸಿನ ಕೊಂಬೆಯಲ್ಲಿ ಇಂದಿಗೂ ಅರಳುವ ಒಂದು ಹೂವು: ಸೀತಾಳೆಯ ವಂಶಾವಳಿಗೆ ಈ ಮೂರೂ ಆಧಾರಗಳು. ಮೊದಲಿನ ಎರಡನ್ನು ಹಿಂದಿನವರು ಕಾಪಾಡಿ ಕೊಟ್ಟಿರುವರು. ಮೂರನೆಯದರ ಹೊಣೆಯು ಇಂದಿನವರದು.