ಚೌಕಗಳ ಹಿಂದಿನ ಕನ್ನಡ

ಹದಿನೈದು ವರ್ಷಗಳ ಹಿಂದೆ ಮುಂಬಯಿಯ ಲೋಕಲ್‌ ರೈಲಿನಲ್ಲಿ ಊರಿನ ಸುದ್ದಿ ಓದಬೇಕೆಂದರೆ ‘ಕರ್ನಾಟಕ ಮಲ್ಲ’ದಂಥ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿಯಬೇಕಿತ್ತು. ಜೇಬಿನ ನೋಕಿಯಾದಲ್ಲಿ ಇಂಟರ್‌ನೆಟ್ ಇತ್ತು, ನಿಜ. ಆದರೆ ಕನ್ನಡದ ಪುಟ ತೆರೆದರೆ ಬಹಳಷ್ಟು ಫೋನುಗಳಲ್ಲಿ ಕಾಣುತ್ತಿದ್ದದ್ದು ಸಾಲು ಸಾಲು ಖಾಲಿ ಚೌಕ.

ಕಂಪ್ಯೂಟರಿಗೆಂದು ಕಟ್ಟಿದ ಪುಟವನ್ನು ಎರಡಿಂಚಿನ ಪರದೆಗೆ ಇಳಿಸುವ ಕೆಲಸವನ್ನು ನಾರ್ವೆಯ ಒಪೇರಾ ಮಿನಿ ಫೋನಿಗೆ ಬಿಡಲಿಲ್ಲ. 2006ರ ಜನವರಿಯಲ್ಲಿ ಜಗತ್ತಿಗೆಲ್ಲ ಸಿಕ್ಕ ಈ ಬ್ರೌಸರಿನಲ್ಲಿ ಪುಟ ಮೊದಲು ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿ ಕುಗ್ಗಿ, ಆಮೇಲೆ ಕೈಗೆ ಬರುತ್ತಿತ್ತು. ಕೆಬಿ ಲೆಕ್ಕದಲ್ಲಿ ಬ್ಯಾಲೆನ್ಸ್ ಕರಗುತ್ತಿದ್ದ ಕಾಲಕ್ಕೆ ಅದು ಸಣ್ಣ ಉಪಕಾರವಲ್ಲ.

ಅಕ್ಷರ ಮೂಡಿಸುವ ಹೊಣೆ ಮಾತ್ರ ಫೋನಿನದೇ. ಕನ್ನಡಕ್ಕೆ ಬರೀ ಫಾಂಟ್ ಸಾಲದು. ಒತ್ತು ತನ್ನ ಜಾಗದಲ್ಲಿ ಕೂರಬೇಕು. ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ‘ಕನ್‌ನಡ’ ಎಂದು ಮುರಿಯುತ್ತದೆ.

ಪರಿಹಾರ ಒಂದು ಅಡಗಿದ ಸೆಟ್ಟಿಂಗ್‌ನಲ್ಲಿತ್ತು. ವಿಳಾಸದ ಜಾಗದಲ್ಲಿ ‘ಒಪೇರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಒತ್ತಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಗೆ ‘ಯೆಸ್’ ಅಂದರೆ ಸಾಕು, ಸರ್ವರೇ ಅಕ್ಷರ ಬರೆದು ಚಿತ್ರವಾಗಿ ಕಳಿಸುತ್ತಿತ್ತು. ಪುಟ ತುಸು ಭಾರವಾಗುತ್ತಿತ್ತು, ಕಾಯಬೇಕಿತ್ತು. ಇದನ್ನು ಕನ್ನಡದ ಸೌಲಭ್ಯ ಎನ್ನುವುದು ಕಷ್ಟ, ಕನ್ನಡದ ಫೋಟೋ ಎನ್ನಬಹುದು. ಆದರೂ ಅಂಧೇರಿಯಿಂದ ಚರ್ಚ್‌ಗೇಟ್‌ವರೆಗೆ ಓದಲು ಅಷ್ಟು ಸಾಕಿತ್ತು.

2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಫೋನಿನ ಒಳಗಿನ ಲಿಪಿಗಳೇ ಆದವು. ಅಲ್ಲಿಯವರೆಗೆ ಬಿಟ್‌ಮ್ಯಾಪ್ ಓದಿಸುತ್ತಿತ್ತೇ ಹೊರತು ಬರೆಸುತ್ತಿರಲಿಲ್ಲ. ಸುದ್ದಿ ಓದಿದವರು ಊರಿಗೆ ಮೆಸೇಜ್ ಕಳಿಸುವಾಗ ‘ಮಳೆ ಬಂತಾ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಿದ್ದರು.