ಹೊನ್ನಿನ ಜಿಲ್ಲೆಯ ಸ್ಮಾರಕಶಿಲೆಗಳು

ಶಾಸನವೆಂದರೆ ನಮ್ಮ ನಾಡಿನವರಿಗೆ ಒಂದು ಬಗೆಯ ಭಕ್ತಿ. ಪುರಾಣದಲ್ಲಿ ಉತ್ಪ್ರೇಕ್ಷೆಯಿರಬಹುದು, ಕೈಫಿಯತ್ತಿನಲ್ಲಿ ಕಲ್ಪನೆ ಬೆರೆತಿರಬಹುದು, ಕಲ್ಲು ಮಾತ್ರ ಇದ್ದುದನ್ನು ಇದ್ದಂತೆ ಹೇಳುವುದೆಂದು ನಂಬಿ ಬಂದಿದ್ದೇವೆ. ರೈಸ್ ಸಾಹೇಬರು ಮೈಸೂರು ಸೀಮೆಯ ಶಾಸನಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದ ಮೇಲಂತೂ ಈ ನಂಬಿಕೆ ಬಲವಾಯಿತು. ಅದಕ್ಕೆ ಆಧಾರವಿಲ್ಲದೆ ಇಲ್ಲ. ವೀರಗಲ್ಲನ್ನು ನಿಲ್ಲಿಸಿದವರು ಸತ್ತವನ ಮಕ್ಕಳು, ತಮ್ಮಂದಿರು, ಇಲ್ಲವೆ ಊರವರು. ಕಾಳಗವನ್ನು ಕಂಡವರು ಇನ್ನೂ ಬದುಕಿರುವಾಗಲೇ ಅದು ನಿಂತಿರುತ್ತದೆ. ಆದರೆ ಘಟನೆ ನಡೆದು ನಲವತ್ತು, ಎಂಬತ್ತು, ನೂರು ವರ್ಷ ಕಳೆದ ಮೇಲೆ ಬೇರೆ ಯಾರೋ ಬಂದು ಕಲ್ಲು ನೆಟ್ಟರೆ ಅದು ಯಾವುದಕ್ಕೆ ಸಾಕ್ಷಿ? ನಡೆದುದಕ್ಕೋ, ನೆಟ್ಟವರ ಮನಸ್ಸಿಗೋ? ಈ ಪ್ರಶ್ನೆಯನ್ನು ವಿಚಾರಿಸಲು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದ ಎಲ್ ಡೊರಾಡೊ ಕೌಂಟಿಯು ಬಹಳ ಅನುಕೂಲವಾದ ಸ್ಥಳ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹದು. ಎಲ್ ಡೊರಾಡೊ ಎಂಬುದು ಸ್ಪ್ಯಾನಿಷ್ ಮಾತು; ಹೊನ್ನಿನ ಲೇಪವುಳ್ಳವನು ಎಂದು ಅದರ ಅರ್ಥ.

ಈ ಜಿಲ್ಲೆಯಲ್ಲಿ ಅಮೆರಿಕನ್ ನದಿಯ ದಕ್ಷಿಣ ಶಾಖೆಯ ದಡದ ಮೇಲೆ ಕೊಲೋಮ ಎಂಬ ಊರಿದೆ. ಸ್ವಿಟ್ಸರ್ಲೆಂಡಿನಿಂದ ಬಂದು ನೆಲೆಸಿದ್ದ ಸಟ್ಟರ್ ಎಂಬ ಭೂಮಾಲೀಕನಿಗಾಗಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಯು ಅಲ್ಲಿ ಮರ ಕೊಯ್ಯುವ ಗಿರಣಿಯೊಂದನ್ನು ಕಟ್ಟಿಸುತ್ತಿದ್ದನು. 1848ನೆಯ ಜನವರಿಯಲ್ಲಿ ಒಂದು ಬೆಳಿಗ್ಗೆ, ಗಿರಣಿಯ ಚಕ್ರದ ನೀರು ಹೊರಹೋಗುವ ಕಾಲುವೆಯಲ್ಲಿ ಅವನ ಕಣ್ಣಿಗೆ ಹೊಳೆಯುವ ಚೂರೊಂದು ಬಿತ್ತು. ಕೆಲಸಗಾರರಿಗೆ ಅಡಿಗೆ ಮಾಡುತ್ತಿದ್ದ ವಿಮ್ಮರ್ ಎಂಬಾಕೆ ಅಂತಹ ಚೂರನ್ನು ಸಾಬೂನಿನ ಕ್ಷಾರದ ಕಡಾಯಿಯಲ್ಲಿ ಕುದಿಸಿ, ಬಣ್ಣ ಕೆಡದಿದ್ದುದನ್ನು ತೋರಿಸಿದಳೆಂದು ಪ್ರತೀತಿ. ಒರೆಗಲ್ಲು ಇಲ್ಲದ ಕಡೆ ಗೃಹಿಣಿಯ ಕಡಾಯಿಯೇ ಒರೆಗಲ್ಲಾಯಿತು. ಅಮರಸಿಂಹನು ಹೊನ್ನಿಗೆ ಹತ್ತೊಂಬತ್ತು ಹೆಸರುಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಜಾಂಬೂನದವೆಂಬುದು ನದಿಯಿಂದ ಹುಟ್ಟಿದ ಹೊನ್ನು. ಕೊಲೋಮದಲ್ಲಿ ಸಿಕ್ಕಿದುದು ಈ ಜಾತಿಯದೇ. ಮರಳನ್ನು ಬಟ್ಟಲಿನಲ್ಲಿ ತೊಳೆಯಬಲ್ಲ ಯಾವನಿಗಾದರೂ ಅದು ದಕ್ಕುವಂತಿದ್ದುದರಿಂದಲೇ ಕೆಲವು ವರ್ಷಗಳಲ್ಲಿ ಸುಮಾರು 3,00,000 ಜನ ಆ ಸೀಮೆಗೆ ನುಗ್ಗಿದರು.

ಮೊದಲು ತಿಥಿಯ ವಿಚಾರ. ಮಾರ್ಷಲನು ಮುಂದೆ ತನ್ನ ನೆನಪಿನಿಂದ ಹೇಳುವಾಗ ಜನವರಿ 18 ಅಥವಾ 19 ಎಂದನು. ಕಂಡವನೇ ಹೇಳಿದ ಮೇಲೆ ಇನ್ನೇನೆಂದು ಬಹುಕಾಲ 19ನೆಯ ದಿನವೇ ನಡೆದು ಬಂತು. ಆದರೆ ಗಿರಣಿಯಲ್ಲಿ ಕೂಲಿಗಿದ್ದ ಹೆನ್ರಿ ಬಿಗ್ಲರ್ ಎಂಬವನು ದಿನಚರಿ ಬರೆಯುತ್ತಿದ್ದನು. ಕಾಲುವೆಯಲ್ಲಿ ಹೊನ್ನಿನಂತೆ ಕಾಣುವ ಲೋಹ ಸಿಕ್ಕಿತೆಂಬ ಮಾತನ್ನು ಅವನು ಜನವರಿ 24ನೆಯ ಸೋಮವಾರದ ಕೆಳಗೆ, ಕಾಗುಣಿತದ ತಪ್ಪುಗಳೊಡನೆ, ಗೀಚಿಟ್ಟಿದ್ದನು. ಇಂದು 24ನೆಯ ದಿನವನ್ನೇ ಎಲ್ಲರೂ ಒಪ್ಪಿದ್ದಾರೆ. ಯಜಮಾನನ ನೆನಪಿಗಿಂತ ಕೂಲಿಯವನ ಕಡತ ಗಟ್ಟಿಯಾಯಿತು.

ಹೊನ್ನನ್ನು ಕಂಡವನಿಗೆ ಹೊನ್ನು ಒಲಿಯಲಿಲ್ಲ. ಮಾರ್ಷಲನು ದ್ರಾಕ್ಷಿ ಬೆಳೆದು ನೋಡಿದನು, ಗಣಿಯಲ್ಲಿ ಪಾಲು ಹಾಕಿ ನೋಡಿದನು. ಕೆಲ್ಸಿ ಎಂಬ ಹಳ್ಳಿಯಲ್ಲಿ ಕಮ್ಮಾರಸಾಲೆ ಇಟ್ಟುಕೊಂಡಿದ್ದನು. 1872ರಲ್ಲಿ ಸಂಸ್ಥಾನವು ತಿಂಗಳಿಗೆ 200 ಡಾಲರುಗಳ ವೇತನವನ್ನು ಗೊತ್ತುಮಾಡಿ, ಆಮೇಲೆ ಕಡಿಮೆ ಮಾಡಿ, 1878ರಲ್ಲಿ ನಿಲ್ಲಿಸಿಬಿಟ್ಟಿತು. 1885ರ ಆಗಸ್ಟಿನಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡನು. ಬದುಕಿದ್ದಾಗ ವೇತನ ನಿಲ್ಲಿಸಿದ ಸರಕಾರವೇ 1887ರಲ್ಲಿ ಸ್ಮಾರಕಕ್ಕಾಗಿ ನೆಲವನ್ನು ಕೊಂಡಿತು. 1890ರಲ್ಲಿ ಕೊಲೋಮದ ಗುಡ್ಡದ ಮೇಲೆ, ಅವನ ಸಮಾಧಿಯ ಮೇಲೆಯೇ, ಎತ್ತರವಾದ ಪೀಠದಲ್ಲಿ ವಿಗ್ರಹ ನಿಂತಿತು. ಅದರ ಬೆರಳು ಕೆಳಗೆ ನದಿಯಲ್ಲಿ ಹೊನ್ನು ಸಿಕ್ಕ ಜಾಗವನ್ನು ತೋರಿಸುತ್ತಿದೆ.

ಈ ಸ್ಮಾರಕಕ್ಕಾಗಿ ಮೊದಲು ಓಡಾಡಿದವರು ‘ಸ್ವರ್ಣಪಶ್ಚಿಮದ ಸ್ವದೇಶಪುತ್ರರು’ ಎಂದು ತಮ್ಮನ್ನು ಕರೆದುಕೊಂಡ ಸಂಘದ ಪ್ಲೇಸರ್‌ವಿಲ್ ಶಾಖೆಯವರು. ಆ ಕಾಲದಲ್ಲಿ ಈ ಸಂಘಕ್ಕೆ ಸೇರಲು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದರೆ ಸಾಲದು, ಮೈ ಬೆಳ್ಳಗಿರಬೇಕಾಗಿತ್ತು. ಹಾಗಾದರೆ ಆ ನೆಲದ ನಿಜವಾದ ಸ್ವದೇಶಪುತ್ರರು ಯಾರು?

ಕೊಲೋಮವೆಂಬ ಹೆಸರೇ ಉತ್ತರ ಹೇಳುತ್ತದೆ. ಅದು ನಿಸೆನಾನ್ ಜನರ ಕುಲ್ಲೂಮಾ ಎಂಬ ಊರಿನ ಹೆಸರು. ನದಿಯ ಬಳಿಯ ಹಾಸುಬಂಡೆಯಲ್ಲಿ ಇಂದಿಗೂ ಗುಂಡನೆಯ ಕುಳಿಗಳಿವೆ. ಆ ಜನದ ಹೆಂಗಸರು ತಲೆತಲಾಂತರವಾಗಿ ಓಕ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟುಮಾಡಿದ ಒರಳುಗಳಿವು. ಅಕ್ಷರವಿಲ್ಲದಿದ್ದರೂ ಇವನ್ನು ಆ ಊರಿನ ಅತ್ಯಂತ ಹಳೆಯ ಶಾಸನಗಳೆಂದು ಕರೆಯಲು ನನಗೆ ಸಂಕೋಚವಿಲ್ಲ. ಗಿರಣಿಯನ್ನು ಕಟ್ಟಿದವರಲ್ಲಿಯೂ ಈ ಜನರಿದ್ದರು. ಹೊನ್ನು ಕಂಡ ಒಡನೆಯೇ ಸಟ್ಟರನು ಆ ಕಣಿವೆಯನ್ನು ಅವರಿಂದ ಮೂರು ವರ್ಷಗಳ ಗುತ್ತಿಗೆಗೆ ಬರೆಸಿಕೊಂಡನು. ಪ್ರತಿಫಲವಾಗಿ ಕೊಟ್ಟುದು ಅಂಗಿ, ಟೊಪ್ಪಿಗೆ, ಕರವಸ್ತ್ರ, ಹಿಟ್ಟು ಮುಂತಾದ ಅಲ್ಪ ಪದಾರ್ಥಗಳು. ಪತ್ರವನ್ನು ಅಮೆರಿಕಾದ ಸೇನಾಧಿಕಾರಿ ಮೇಸನ್ ಎಂಬವನ ಮುಂದಿಟ್ಟಾಗ, ಇಂಡಿಯನರಿಗೆ ನೆಲವನ್ನು ಗುತ್ತಿಗೆ ಕೊಡುವ ಹಕ್ಕೇ ಇಲ್ಲವೆಂದು ಅವನು ಅದನ್ನು ತಳ್ಳಿಹಾಕಿದನು. ಸಟ್ಟರನ ಲೋಭ ಅಲ್ಲಿರಲಿ. ಗುತ್ತಿಗೆ ಬರೆಸಿಕೊಳ್ಳಬೇಕೆಂದು ಅವನಿಗೆ ತೋರಿದುದೇ ನೆಲದ ಒಡೆಯರು ಯಾರೆಂಬುದಕ್ಕೆ ಲಿಖಿತ ಸಾಕ್ಷ್ಯ.

ಮುಂದಿನ ಕಥೆ ದಾರುಣವಾದುದು. 1850ರ ಕಾನೂನು ಇಂಡಿಯನರ ಮಕ್ಕಳನ್ನು ಬಿಳಿಯರ ಮನೆಗಳಲ್ಲಿ ದುಡಿಯಲು ಕಟ್ಟಿಹಾಕುವುದಕ್ಕೆ ಎಡೆಗೊಟ್ಟಿತು. ಅವರ ಸಾಕ್ಷಿಯ ಮೇಲೆ ಬಿಳಿಯನನ್ನು ದಂಡಿಸಕೂಡದೆಂದಿತು. 1851 ಮತ್ತು 1852ರಲ್ಲಿ ಅಧಿಕಾರಿಗಳು ಅವರೊಡನೆ 18 ಒಪ್ಪಂದಗಳನ್ನು ಮಾಡಿಕೊಂಡು ನೆಲ ಬಿಟ್ಟುಕೊಡುವುದಾಗಿ ಮಾತುಕೊಟ್ಟರು. ಅಮೆರಿಕಾದ ಸೆನೆಟ್ ಸಭೆ ಅವನ್ನು ನಿರಾಕರಿಸಿದುದಲ್ಲದೆ ಗುಟ್ಟಾಗಿ ಬೀಗಮುದ್ರೆ ಹಾಕಿಸಿತು. ಅವು ಬೆಳಕಿಗೆ ಬಂದುದು 1905ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಹೊನ್ನಿನ ಮೊದಲು ಸುಮಾರು 1,50,000 ಇದ್ದ ಈ ಜನ 1870ರ ಸುಮಾರಿಗೆ 30,000ಕ್ಕೆ ಇಳಿದರು. ರೋಗ, ಹಸಿವು ಮಾತ್ರವಲ್ಲ, ಸರಕಾರದ ಹಣದಿಂದ ನಡೆದ ಕೊಲೆಗಳೂ ಇದಕ್ಕೆ ಕಾರಣ. 2019ರ ಜೂನ್ ತಿಂಗಳಲ್ಲಿ ಆ ಸಂಸ್ಥಾನದ ಗವರ್ನರ್ ನ್ಯೂಸಮ್ ಅವರು ಸರಕಾರದ ಪರವಾಗಿ ಕ್ಷಮೆ ಬೇಡಿದರು. ಬೀಗಮುದ್ರೆಯ ಆ ಒಪ್ಪಂದಗಳನ್ನು ವಿಗ್ರಹದ ಪಕ್ಕದಲ್ಲಿಟ್ಟು ಓದದವನು ಕೊಲೋಮದ ಚರಿತ್ರೆಯನ್ನು ಅರ್ಧವೇ ಓದಿದಂತೆ.

ಕ್ಯಾಲಿಫೋರ್ನಿಯಾದಲ್ಲಿ ಚಾರಿತ್ರಿಕ ಸ್ಥಳಗಳನ್ನು ಅಂಕಿ ಹಾಕಿ ದಾಖಲು ಮಾಡುವ ಪದ್ಧತಿ 1931ರ ಕಾನೂನಿನಿಂದ ಮೊದಲಾಯಿತು. 1932ರಲ್ಲಿ ಮೊದಲ ಇಪ್ಪತ್ತು ಸ್ಥಳಗಳು ಪಟ್ಟಿಗೆ ಬಂದವು. ಇಂದು ಅವು ಸಾವಿರವನ್ನು ಮೀರಿವೆ. ಮಾರ್ಷಲನ ಸ್ಮಾರಕ 143ನೆಯದು, ಹೊನ್ನು ಸಿಕ್ಕ ಜಾಗ 530ನೆಯದು. ಮೊದಮೊದಲು ಪ್ರಮಾಣವನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. ಆದುದರಿಂದಲೇ 770 ಮತ್ತು ಅದರಿಂದ ಮುಂದಿನ ಅಂಕಿಯವನ್ನು ಮಾತ್ರ ಇನ್ನೊಂದು ವಿಚಾರಣೆಯಿಲ್ಲದೆ ಸಂಸ್ಥಾನದ ರಕ್ಷಿತ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಸರಕಾರದ ಫಲಕಗಳಲ್ಲದೆ ‘ಈ ಕ್ಲಾಂಪಸ್ ವೀಟಸ್’ ಎಂಬ ವಿನೋದಗೋಷ್ಠಿಯವರು ನೆಟ್ಟ ಫಲಕಗಳೂ ಹೊನ್ನಿನ ಸೀಮೆಯಲ್ಲೆಲ್ಲ ತುಂಬಿವೆ. ಗಣಿಗಾರರ ಈ ಹಳೆಯ ಗೋಷ್ಠಿಯನ್ನು 1930ರ ದಶಕದಲ್ಲಿ ಕೆಲವು ವಿದ್ವದ್ರಸಿಕರು ಪುನಃ ಎಬ್ಬಿಸಿದರು. ಇವರ ಚೇಷ್ಟೆಯೊಂದನ್ನು ಹೇಳಲೇಬೇಕು. ಡ್ರೇಕ್ ಎಂಬ ಆಂಗ್ಲ ನಾವಿಕನು 1579ರಲ್ಲಿ ಆ ಕರಾವಳಿಯಲ್ಲಿ ನೆಟ್ಟನೆಂಬ ಹಿತ್ತಾಳೆಯ ಪಟವೊಂದು 1936ರಲ್ಲಿ ‘ಸಿಕ್ಕಿತು’. ಬೋಲ್ಟನ್ ಎಂಬ ಮಹಾವಿದ್ವಾಂಸನು ಅದು ನಿಜವೆಂದು ಸಾರಿದನು. 1977ರಲ್ಲಿ ಲೋಹವನ್ನು ಪರೀಕ್ಷಿಸಲಾಗಿ ಹಿತ್ತಾಳೆ ಈಚಿನದೆಂದು ಗೊತ್ತಾಯಿತು. 2003ರಲ್ಲಿ ಇದು ಬೋಲ್ಟನನನ್ನು ಹಾಸ್ಯಮಾಡಲು ಆ ಗೋಷ್ಠಿಯ ಗೆಳೆಯರೇ ಹೂಡಿದ ಆಟವೆಂದು ಚರಿತ್ರಕಾರರು ಬಯಲುಮಾಡಿದರು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಸಾಹೇಬರು ವಾದಿಸಿದುದನ್ನೂ ರೈಸ್ ಸಾಹೇಬರು ಅದಕ್ಕೆ ಪ್ರತಿಯಾಗಿ ನಿಂತುದನ್ನೂ ಬಲ್ಲ ವಾಚಕರಿಗೆ ಇದು ಹೊಸದೆನಿಸದು. ನಮ್ಮ ಕೂಟಶಾಸನ ಭೂಮಿಯ ಆಸೆಗೆ, ಅವರದು ನಗೆಯ ಆಸೆಗೆ; ಅಷ್ಟೇ ಅಂತರ.

ನದಿಯ ಹೊನ್ನು ಬೇಗ ಬರಿದಾಯಿತು. ಮುಂದೆ ಬಂಡೆಯನ್ನು ಆಳಕ್ಕೆ ತೋಡಬೇಕಾದಾಗ ನೆವಾಡಾ ಕೌಂಟಿಯ ಗ್ರಾಸ್ ವ್ಯಾಲಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು. 1880ರ ದಶಕದಲ್ಲಿ ಟೇಲರ್ ಕಂಪನಿಯವರ ಕೈಕೆಳಗೆ ನಮ್ಮ ಕೋಲಾರದ ಗಣಿಗಳಿಗೆ ಬಂದವರೂ ಅದೇ ಸೀಮೆಯವರು.

ಜಿಲ್ಲೆಯ ಮುಖ್ಯ ಪಟ್ಟಣ ಪ್ಲೇಸರ್‌ವಿಲ್. 1849ರಲ್ಲಿ ಅಲ್ಲಿ ಮೂವರನ್ನು ನೇಣುಹಾಕಿದುದರಿಂದ ‘ನೇಣಿನ ಊರು’ ಎಂಬ ಹೆಸರು ಬಂದಿತ್ತು. ನೇಣಿನ ಮರ ನಿಂತಿದ್ದ ಜಾಗವೂ ಒಂದು ದಾಖಲಾದ ಸ್ಥಳವೇ. ಪಟ್ಟಣದ ಲಾಂಛನದಲ್ಲಿದ್ದ ನೇಣಿನ ಕುಣಿಕೆಯನ್ನು 2021ರ ಏಪ್ರಿಲಿನಲ್ಲಿ ಪುರಸಭೆ ತೆಗೆದುಹಾಕಿತು. ಅದಕ್ಕಾಗಿ ಊರಿನಲ್ಲಿ ನಡೆದ ಜಗಳವನ್ನು ವಿಸ್ತರಿಸುವ ಅವಶ್ಯಕತೆಯಿಲ್ಲ.

ಫಲಕಕ್ಕಿಂತ ಹೆಚ್ಚಾಗಿ ನೆಲದ ಹಕ್ಕಿನ ಪತ್ರಗಳಲ್ಲಿ ಉಳಿದ ಒಂದು ಹೆಸರುಂಟು. ನ್ಯಾನ್ಸಿ ಗೂಚ್ ಎಂಬ ಕಪ್ಪುಜನದ ಹೆಂಗಸನ್ನು ಮಿಸ್ಸೂರಿಯಿಂದ ದಾಸಿಯಾಗಿ ಕೊಲೋಮಕ್ಕೆ ತಂದಿದ್ದರು; ಮಗನನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು. 1850ರಲ್ಲಿ ಕ್ಯಾಲಿಫೋರ್ನಿಯಾ ದಾಸ್ಯವಿಲ್ಲದ ಸಂಸ್ಥಾನವಾಗಿ ಒಕ್ಕೂಟಕ್ಕೆ ಸೇರಿದಾಗ ಅವಳು ಸ್ವತಂತ್ರಳಾದಳು. ಗಣಿಗಾರರ ಬಟ್ಟೆ ಒಗೆದು, ಹರಿದುದನ್ನು ಹೊಲಿದು, ಅಡಿಗೆ ಮಾಡಿ ಕಾಸಿಗೆ ಕಾಸು ಕೂಡಿಸಿ, 1870ರಲ್ಲಿ ಮಗ ಆಂಡ್ರೂ ಮನ್ರೋವನ್ನೂ ಅವನ ಸಂಸಾರವನ್ನೂ ಕರೆಸಿಕೊಂಡಳು. ಆ ಕುಟುಂಬವು ಕೊಂಡ ತೋಟಗದ್ದೆಗಳಲ್ಲಿ ಸಟ್ಟರನ ಗಿರಣಿ ನಿಂತಿದ್ದ ಜಾಗವೂ ಸೇರಿತ್ತು! 1940ರ ದಶಕದಲ್ಲಿ ಸರಕಾರವು ಸ್ಮಾರಕವನಕ್ಕಾಗಿ ಅವರ ನೆಲವನ್ನು ಕಾನೂನಿನ ಬಲದಿಂದ ವಶಪಡಿಸಿಕೊಂಡಿತು. ಹೊನ್ನು ಕಂಡವನಿಗೆ ಉಳಿಯದ ನೆಲವನ್ನು ಒಗೆತದ ಹಣದಿಂದ ಗಳಿಸಿದವಳ ವಂಶದಿಂದ, ಕಂಡವನ ನೆನಪಿಗಾಗಿಯೇ ತೆಗೆದುಕೊಂಡರು.

ಕೊಲೋಮದ ಸಮೀಪದ ಗೋಲ್ಡ್ ಹಿಲ್ ಎಂಬಲ್ಲಿಗೆ 1869ರಲ್ಲಿ ಜಪಾನಿನ ಐಜು ವಾಕಮತ್ಸು ಸೀಮೆಯಿಂದ ಕೆಲವರು ಹಿಪ್ಪುನೇರಳೆ ಗಿಡಗಳನ್ನೂ ಚಹದ ಬೀಜಗಳನ್ನೂ ತಂದರು. ಅವರ ಮುಂದಾಳು ಷ್ನೆಲ್ ಎಂಬ ಐರೋಪ್ಯನು. ನೀರು ಸಾಲದೆ, ಹಣ ಸಾಲದೆ, ಎರಡು ವರ್ಷಗಳಲ್ಲಿ ಉದ್ಯಮ ಮುರಿದುಬಿದ್ದಿತು. ಷ್ನೆಲ್ ಊರು ಬಿಟ್ಟನು. ಅವನ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಓಕೇ ಎಂಬ ಹುಡುಗಿಗೆ ನೆರೆಯ ಒಕ್ಕಲು ಕುಟುಂಬವೊಂದು ಆಶ್ರಯ ಕೊಟ್ಟಿತು. 1871ರಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಈ ಸ್ಥಳಕ್ಕೆ 815ನೆಯ ಅಂಕಿಯ ಫಲಕ ಬಂದುದು 1969ರಲ್ಲಿ, ನೂರು ವರ್ಷ ತುಂಬಿದಾಗ. ಗವರ್ನರಾಗಿದ್ದ ರೇಗನ್ ಅದನ್ನು ಲೋಕಕ್ಕರ್ಪಿಸಿದರು. ನಡುವಿನ ಕಾಲದಲ್ಲಿ ನಡೆದುದನ್ನು ಮರೆಯಬಾರದು. ಜಪಾನೀಯರು ನೆಲ ಕೊಳ್ಳಕೂಡದೆಂಬ ಕಾನೂನು 1913ರಲ್ಲಿ ಆಯಿತು. 1942ರಲ್ಲಿ ಅವರನ್ನೆಲ್ಲ ಶಿಬಿರಗಳಿಗೆ ಅಟ್ಟಿದರು. ಅದೇ ವರ್ಷ, ಹುಟ್ಟಿನಿಂದ ಅಮೆರಿಕಾದ ಪೌರರಾದ ಜಪಾನೀ ಮೂಲದವರ ಮತದಾನದ ಹಕ್ಕನ್ನು ಕೀಳಬೇಕೆಂದು ನ್ಯಾಯಸ್ಥಾನಕ್ಕೆ ಹೋದವನು ಸ್ವದೇಶಪುತ್ರರ ಸಂಘದ ಮಹಾಕಾರ್ಯದರ್ಶಿ. ಆ ದಾವೆ ಬಿದ್ದುಹೋಯಿತು.

ಓಕೇಯ ಸಮಾಧಿಯ ಕಲ್ಲು ಫಲಕಕ್ಕಿಂತ ಎಷ್ಟೋ ಹಳೆಯದು. ಅದನ್ನು ನಿಲ್ಲಿಸಿದವರಿಗೆ ಸಂಘವಿರಲಿಲ್ಲ, ಅಂಕಿಯಿರಲಿಲ್ಲ. ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದು ಮುಖದಲ್ಲಿ ಜಪಾನೀ ಲಿಪಿ. ಹೆಸರು, ಸತ್ತ ವರ್ಷ, ಹತ್ತೊಂಬತ್ತರ ವಯಸ್ಸು, ಜಪಾನೀ ಹುಡುಗಿಯೆಂಬ ಒಂದು ಮಾತು. ಇದಿಷ್ಟೇ ಅದರ ಇಂಗ್ಲಿಷ್ ಬರಹ. ಆಶ್ರಯ ಕೊಟ್ಟ ಕುಟುಂಬವು ಆ ನೆಲವನ್ನು ತಲೆಮಾರುಗಳವರೆಗೆ ಹಿಡಿದುಕೊಂಡು ಬಂದು, 2010ರಲ್ಲಿ ನದೀಸಂರಕ್ಷಣೆಯ ಸಂಸ್ಥೆಯೊಂದಕ್ಕೆ ಮಾರಿತು. ಜಪಾನೀಯರು ನೆಟ್ಟ ಕೆಯಾಕಿ ಮರವೊಂದು ಆ ತೋಟದ ಮನೆಯ ಹತ್ತಿರ ಬೆಳೆದು ನಿಂತಿದೆ.