ಲಂಡನ್ನಿನ ಕೊನೆಯ ಹಾಡುಗಳಿಗೆ ಮೈಸೂರಿನ ಜಾಮೀನು

ಯಕ್ಷಗಾನದ ಹಿಮ್ಮೇಳವನ್ನು ನಡೆಸುವವರು ಭಾಗವತರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಾಶ್ಚಾತ್ಯರ ಸಿಂಫನಿ ವಾದ್ಯವೃಂದಕ್ಕೂ ಒಬ್ಬ ನಿರ್ವಾಹಕನಿರುತ್ತಾನೆ. ಆದರೆ ಆತ ಹಾಡುವುದಿಲ್ಲ, ಕೈಯಲ್ಲಿ ಸಣ್ಣದೊಂದು ಕೋಲಷ್ಟೇ. ಎದುರಿಗೆ ಹತ್ತಾರು ವಾದಕರು. ಯಾರು ಯಾವಾಗ ಯಾವ ಸ್ವರ ನುಡಿಸಬೇಕೆಂಬುದನ್ನು ಸಂಗೀತಕಾರ ಮೊದಲೇ ಬರೆದಿಟ್ಟಿರುತ್ತಾನೆ. ಇಷ್ಟು ಮಂದಿಗೆ ಸಂಬಳ ಕೊಟ್ಟು, ಸಭಾಂಗಣ ಹಿಡಿದು ಕಛೇರಿ ನಡೆಸುವುದು ಖರ್ಚಿನ ಬಾಬತ್ತು. ಪೋಷಕರಿಲ್ಲದೆ ಅದು ಸಾಗದು.

ಎರಡನೆಯ ಮಹಾಯುದ್ಧದ ಬಳಿಕ ಲಂಡನ್ನಿನಲ್ಲಿ ಅಂಥ ಪೋಷಕರಾಗಿ ನಿಂತವರು ಯಾರು ಗೊತ್ತೇ? ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು!

1919ರಲ್ಲಿ ಜನಿಸಿದ ಒಡೆಯರು ಪಿಯಾನೋ ಕಲಿತವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ನೀಡಿತು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾ ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರರ ಕೃತಿಗಳು ಧ್ವನಿಮುದ್ರಣಗೊಂಡದ್ದು ಒಡೆಯರ ನೆರವಿನಿಂದಲೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಕೈಯ ನುಡಿಸಾಣಿಕೆ ಮುದ್ರಿಕೆಗಳಲ್ಲಿ ಉಳಿಯಿತು.

ಇನ್ನೊಂದು ಪ್ರಸಂಗ ಮತ್ತೂ ಹೃದಯಸ್ಪರ್ಶಿಯಾದುದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ 84ರ ಆಸುಪಾಸಿನಲ್ಲಿ, ಹೆಣ್ಣುದನಿ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಹಾಡುಗಳನ್ನು ರಚಿಸಿದರು. ಇವು ಸಿಂಫನಿಯಲ್ಲ, ಆದರೆ ಹಿನ್ನೆಲೆಯ ವಾದ್ಯವೃಂದ ಸಿಂಫನಿಯದೇ. ಒಂದು ಹಾಡಿನಲ್ಲಿ ಬಾಳಪಯಣ ಮುಗಿಸುತ್ತಿರುವ ಜೋಡಿಯೊಂದು ಸಂಜೆಗೆಂಪಿನಲ್ಲಿ ನಿಂತು ಸಾವನ್ನು ನೆನೆಯುತ್ತದೆ. ಅಲ್ಲಿ ಗೋಳಾಟವಿಲ್ಲ, ಭಯವಿಲ್ಲ. ಕೊಳಲುಗಳು ಹಕ್ಕಿಗಳಂತೆ ಉಲಿಯುತ್ತವೆ. ಸುಮಾರು 60 ವರ್ಷ ಹಿಂದೆ ಸಾವನ್ನೇ ಕುರಿತು ತಾವು ರಚಿಸಿದ್ದ ಕೃತಿಯ ಸ್ವರಗುಚ್ಛವನ್ನು ಸ್ಟ್ರಾಸ್ ಇಲ್ಲಿ ಮತ್ತೆ ಕೇಳಿಸುತ್ತಾರೆ.

1949ರ ಸೆಪ್ಟೆಂಬರಿನಲ್ಲಿ ಸ್ಟ್ರಾಸ್ ನಿಧನರಾದರು. ಹಾಡುಗಳನ್ನು ಅವರು ಕೇಳಲೇ ಇಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾವನ್ನು ನಡೆಸಿದರು. ಆ ಕಛೇರಿಗೆ 4,800 ಡಾಲರುಗಳ ಜಾಮೀನು ನಿಂತವರು ಒಡೆಯರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಧ್ವನಿಮುದ್ರಿಕೆಯೇ ಮೈಸೂರಿಗೆ ಬಂತು.

ಆ ವರ್ಷವನ್ನು ಗಮನಿಸಿ. ನಾಲ್ಕು ತಿಂಗಳ ಹಿಂದಷ್ಟೇ, ಜನವರಿ 26ರಂದು, ದೇಶ ಗಣರಾಜ್ಯವಾಗಿತ್ತು, ದೊರೆ ರಾಜಪ್ರಮುಖರಾಗಿದ್ದರು. ಅದೇ ಕಾಲಘಟ್ಟದಲ್ಲಿ ಅವರ ಮನಸ್ಸು ಕರ್ನಾಟಕ ಸಂಗೀತದತ್ತ, ಶ್ರೀವಿದ್ಯೋಪಾಸನೆಯತ್ತ ತಿರುಗಿತ್ತು. ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು ರಚಿಸಿದ ಕೃತಿಗಳು 94.

1974ರಲ್ಲಿ ಒಡೆಯರು ಕಾಲವಾದರು. ಲಂಡನ್ನಿನ ಆ ಸಂಜೆಯ ಮುದ್ರಿಕೆ ಮುಂದೆ ಸಿ.ಡಿ.ಯಾಗಿ ಎಲ್ಲರಿಗೂ ದಕ್ಕಿತು. ಸದ್ದು ಒರಟು, ಕರಕರ ಶಬ್ದ ಜಾಸ್ತಿ. ಆದರೂ ಒಮ್ಮೆ ಕೇಳಿ. ಸಾವನ್ನು ಶಾಂತವಾಗಿ ಎದುರುಗೊಂಡ ಮುದುಕನೊಬ್ಬನ ಹಾಡು ಜಗತ್ತಿಗೆ ಕೇಳಿಸಿದ್ದರ ಹಿಂದೆ ನಮ್ಮ ನಾಡಿನ ಋಣವೂ ಇದೆ.